ಪರದೆಯ ಮೇಲಿನ ಎರಡನೆಯ ಮಗು

ನಮ್ಮ ಬೆಟ್ಟದೂರು ಬೋಜ್-ಚಾತ್‌ನಲ್ಲಿ ಬೆಳಕು ಚೆಲ್ಲುವ ಯಾವ ವಸ್ತು ಕೆಟ್ಟರೂ ಕರೆ ಹೋಗುವುದು ಎಸೆಂಗೆಲ್ದಿ ಬಾಯ್ಕೆಗೆ. ಆಸ್ಪತ್ರೆಯ ಬಲ್ಬು, ಶಾಲೆಯ ಕಂಪ್ಯೂಟರು, ಹಿಟ್ಟಿನ ಗಿರಣಿಯವನ ಟಿವಿ, ಎಲ್ಲದಕ್ಕೂ ಅವರೇ. ಸಂಬಳ ಕೊಡುವುದು ಆಸ್ಪತ್ರೆ, ದುಡಿಸಿಕೊಳ್ಳುವುದು ಊರು. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರಾದ್ದರಿಂದ ಬಾಯ್ಕೆ, ಅಂದರೆ ಅಣ್ಣ, ಎಂದು ಕರೆಯುತ್ತೇನೆ. ಬೈಯುವಾಗಲೂ ಹಾಗೇ ಕರೆದು ಬೈಯುತ್ತೇನೆ. ನನ್ನ ಹೆಸರು ಕುಂದುಜ್. ಅದೇ ಆಸ್ಪತ್ರೆಯಲ್ಲಿ ಚೀಟಿ ಬರೆದುಕೊಡುವ ಕಿಟಕಿಯ ಹಿಂದೆ ಕೂರುವವಳು. ಅಲ್ಲಿಂದ ಇಡೀ ಕಾರಿಡಾರ್ ಕಾಣುತ್ತದೆ, ಕಾಣದ್ದು ಕೇಳಿಸುತ್ತದೆ. ಆದ್ದರಿಂದ ಈ ಕತೆಯನ್ನು ನನ್ನಷ್ಟು ಚೆನ್ನಾಗಿ ಹೇಳಬಲ್ಲವರು ಬಾಯ್ಕೆ ಒಬ್ಬರೇ, ಅವರಂತೂ ಸತ್ತರೂ ಬಾಯಿ ಬಿಡುವುದಿಲ್ಲ.

ಅವರು ಮೊದಲು ಊರೂರು ತಿರುಗಿ ಸಿನಿಮಾ ತೋರಿಸುವ ಕೆಲಸದಲ್ಲಿದ್ದರು. ಬೇಸಿಗೆಯಲ್ಲಿ ಜನ ಕುರಿ, ಕುದುರೆಗಳನ್ನು ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋದರೆ ಇವರೂ ಲಾರಿಯಲ್ಲಿ ಪ್ರೊಜೆಕ್ಟರ್ ಹೇರಿಕೊಂಡು ಬೆನ್ನಿಗೇ ಬರುತ್ತಿದ್ದರು. ದೂರದಲ್ಲಿ ಆ ಲಾರಿಯ ಧೂಳೆದ್ದರೆ ಸಾಕು, ಮಕ್ಕಳೆಲ್ಲ ಎದುರಿಗೆ ಓಡುತ್ತಿದ್ದೆವು. ಹೌದು, ನಾನೂ ಓಡಿದ್ದೇನೆ. ಹಿರಿಯರು ತಮಗಿಂತ ಮೊದಲು ಅವರ ಬಟ್ಟಲಿಗೆ ಕುದುರೆ ಹಾಲಿನ ಹುಳಿ ಪಾನಕ ಸುರಿಸುತ್ತಿದ್ದರು. ಆಮೇಲೆ ಆ ಲಾರಿ ಕಳಿಸುತ್ತಿದ್ದ ಹಳೆಯ ಸರ್ಕಾರವೇ ಹೋಯಿತು, ಸಿನಿಮಾ ಲಾರಿಯೂ ಹೋಯಿತು, ಬಾಯ್ಕೆ ಆಸ್ಪತ್ರೆಯ ಕರೆಂಟಿನ ಕೆಲಸಕ್ಕೆ ಸೇರಿದರು. ಅಲ್ಲಿಂದ ಮುಂದೆ ಅವರನ್ನು ಕಂಡು ಯಾರೂ ಓಡಿ ಬರಲಿಲ್ಲ. ಬಂದರೆ ಫ್ಯೂಸ್ ಹೋಗಿದೆ ಎಂದು ಗೊಣಗಿಕೊಂಡು ಬಂದರು.

ಅದು ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. ಇಲ್ಲದಿದ್ದರೆ ಸುಯುಂಚಿನ ಹುಚ್ಚು ಅಷ್ಟು ಯಾಕೆ ಹಿಡಿಯಬೇಕಿತ್ತು? ಒಳ್ಳೆಯ ಸುದ್ದಿಯನ್ನು ಮೊದಲು ತಂದವನು ‘ಸುಯುಂಚು’ ಎಂದು ಕೈಚಾಚಿದರೆ ಕೇಳಿದವರು ಏನಾದರೂ ಕೊಡಲೇಬೇಕು. ಒಂದು ಬಟ್ಟೆ, ಒಂದು ಬುಟ್ಟಿ ಸೇಬು, ಮನಸ್ಸು ದೊಡ್ಡದಿದ್ದರೆ ಒಂದು ಕುರಿ. ಯಾರ ಮನೆಯಲ್ಲಿ ಮಗು ಹುಟ್ಟಲಿ, ಯಾರ ಕುದುರೆ ಗೆಲ್ಲಲಿ, ಬಾಗಿಲು ಬಡಿಯುವವರು ನಮ್ಮ ಬಾಯ್ಕೆಯೇ. ಕೊಟ್ಟದ್ದನ್ನು ಅರ್ಧ ದಾರಿಯಲ್ಲೇ ಯಾರಿಗಾದರೂ ದಾನ ಮಾಡಿಬಿಡುತ್ತಿದ್ದರು. ಅವರಿಗೆ ಬೇಕಿದ್ದದ್ದು ಬಾಗಿಲು ತೆರೆದವರ ಮುಖ ಅರಳುವುದನ್ನು ನೋಡುವುದು.

ಆಸ್ಪತ್ರೆಗೆ ಹೊಟ್ಟೆಯ ಸ್ಕ್ಯಾನಿಂಗ್ ಯಂತ್ರ ಬಂತು. ವಾರಕ್ಕೊಮ್ಮೆ ಜಿಲ್ಲಾ ಪಟ್ಟಣದಿಂದ ಡಾಕ್ಟರ್ ಸಾಬಿರಾ ಬಂದು ನೋಡಿ, ಮಧ್ಯಾಹ್ನದ ಗಾಡಿಗೇ ಹೊರಟುಬಿಡುತ್ತಾರೆ. ಅವರ ಕೋಣೆಯೋ ಹಾಸಿಗೆ, ಯಂತ್ರ ಇಟ್ಟರೆ ತಿರುಗಲು ಜಾಗವಿಲ್ಲ. ಸೊಸೆಯರು ಒಳಗೆ, ಅತ್ತೆಯರು ಎದುರಿನ ಕಾಯುವ ಕೋಣೆಯಲ್ಲಿ. ಆ ಅತ್ತೆಯರು ಸುಮ್ಮನೆ ಕೂತಾರೆಯೇ? ಏನಾಯಿತು, ಎಷ್ಟು ಹೊತ್ತು ಎಂದು ನನ್ನ ಕಿಟಕಿಗೆ ಬಂದು ತಲೆ ತಿನ್ನುತ್ತಿದ್ದರು. ಆಗ ಬಾಯ್ಕೆಗೆ ಹೊಳೆಯಿತು: ಯಂತ್ರಕ್ಕೆ ಇನ್ನೊಂದು ಮಾನಿಟರ್ ಸಿಕ್ಕಿಸಿ ಕಾಯುವ ಕೋಣೆಯಲ್ಲಿಟ್ಟರೆ ಮೊಮ್ಮಗುವನ್ನು ಅಲ್ಲೇ ಕೂತು ನೋಡಬಹುದಲ್ಲ! ಆಸ್ಪತ್ರೆಯ ದೊಡ್ಡ ಡಾಕ್ಟರು ಆಗಲಿ ಎಂದು ತಲೆಯಾಡಿಸಿದರು. ಹಾಸಿಗೆಯ ಮೇಲೆ ಮಲಗುವ ಹುಡುಗಿಯರನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿ ನಮ್ಮಲ್ಲಿಲ್ಲ, ಅದನ್ನು ಹೇಳಿಕೊಳ್ಳಲು ನನಗೇ ನಾಚಿಕೆ.

ಮಾನಿಟರಿನ ಸ್ವಂತ ಕೇಬಲ್ ಬಾಗಿಲಿನವರೆಗೂ ಬರುತ್ತಿರಲಿಲ್ಲ. ಬಾಯ್ಕೆ ಅದಕ್ಕೊಂದು ಎಕ್ಸ್‌ಟೆನ್ಷನ್ ಕೇಬಲ್ ಜೋಡಿಸಿ, ಕಾರಿಡಾರಿನ ನೆಲದ ಮೇಲೆ ಅಡ್ಡಲಾಗಿ ಎಳೆದು, ಯಾರೂ ಎಡವದಂತೆ ರಬ್ಬರ್ ಪಟ್ಟಿ ಹೊದಿಸಿದರು. ಚಿತ್ರ ಕನ್ನಡಿಯಂತೆ ಬಂತು. ಅವರು ಸೊಂಟದ ಮೇಲೆ ಕೈಯಿಟ್ಟು ನಿಂತ ಠೀವಿ ನೋಡಬೇಕಿತ್ತು.

ಆ ದಿನ ಮೊದಲು ಬಂದವರು ಬುರುಲ್ಚಾ ಅಪಾ, ಅಂದರೆ ಬುರುಲ್ಚಾ ಅಮ್ಮ, ಸೊಸೆ ಅಕ್‌ಮರಾಲ್ ಜೊತೆ. ಅಪಾ ವಿಧವೆ, ಕುದುರೆ ಸಾಕುವ ಮನೆತನ, ಎದುರಿಗೆ ಬಂದರೆ ಬೀದಿಯೇ ದಾರಿ ಬಿಡುತ್ತದೆ. ಮಗ ವರ್ಷವೆಲ್ಲ ಕುದುರೆಗಳೊಂದಿಗೆ ಬೆಟ್ಟದ ಮೇಲೆ. ಮದುವೆಯಾಗಿ ಎಷ್ಟೋ ವರ್ಷ ಆ ಮನೆಯಲ್ಲಿ ತೊಟ್ಟಿಲು ತೂಗಿರಲಿಲ್ಲ. ಅಷ್ಟು ವರ್ಷವೂ ಅಪಾ ಸೊಸೆಯನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಹಿಮ ಗಟ್ಟಿಯಾದ ದಿನವೂ ಎರಡು ಬಕೆಟ್ ಹಿಡಿದು ನೀರಿನ ಊಟೆಗೆ ಹೋಗುತ್ತಿದ್ದವಳು ಅಕ್‌ಮರಾಲ್. ಈಗ ಮೊದಲ ಸಲ ಆಸೆ ಮೂಡಿತ್ತು, ತೀರ ಎಳೆಯ ತಿಂಗಳು.

ಅಪಾ ನೆಲದ ಪಟ್ಟಿಯ ಮುಂದೆ ನಿಂತು ಸೊಸೆಯನ್ನು ತೋಳು ಹಿಡಿದು ತಡೆದರು. ಬಸುರಿ ಹಗ್ಗ ದಾಟಿದರೆ ಮಗುವಿನ ಕೊರಳಿಗೆ ಹೊಕ್ಕುಳ ಬಳ್ಳಿ ಸುತ್ತಿಕೊಳ್ಳುತ್ತದೆ ಎಂಬುದು ನಮ್ಮಲ್ಲಿ ಮಗುವಿಗೂ ಗೊತ್ತು.

“ಅಪಾ, ಇದು ಹಗ್ಗ ಅಲ್ಲ, ವೈರು,” ಎಂದರು ಬಾಯ್ಕೆ.

“ಉದ್ದಕ್ಕಿದೆ, ನೆಲದ ಮೇಲಿದೆ, ಎರಡು ತುದಿ ಇದೆ. ಹಗ್ಗ ಅನ್ನಿಸ್ಕೊಳ್ಳೋಕೆ ಇನ್ನೇನು ಬೇಕಪ್ಪ? ತೆಗಿ ಮೊದಲು.”

ಬೇರೆ ಊರಿನವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರೋ ಏನೋ. ಬಾಯ್ಕೆಯ ತಾಯಿಯೂ ಹಗ್ಗ ದಾಟದೆಯೇ ಹೆತ್ತವಳು. ಅವರು ಪಟ್ಟಿ ಕಿತ್ತರು. ಏಣಿ ತಂದು, ಕೇಬಲನ್ನು ಬಾಗಿಲಿನ ಮೇಲಿಂದ, ಬಿಸಿನೀರಿನ ಕೊಳವೆಯ ಗುಂಟ, ಎಕ್ಸ್‌ರೇ ಕೋಣೆಯನ್ನು ಬಳಸಿಕೊಂಡು ಒಯ್ದರು. ಉದ್ದ ಸಾಲಲಿಲ್ಲ. ಚೀಲದಲ್ಲಿ ಇನ್ನೊಂದು ಎಕ್ಸ್‌ಟೆನ್ಷನ್ ಇತ್ತು, ಸಂತೆಯಲ್ಲಿ ಕೊಂಡ ತೆಳ್ಳನೆಯದು. ಅದನ್ನು ಇದರ ಬಾಲಕ್ಕೆ ಸಿಕ್ಕಿಸಿದರು.

ಮೊದಲು ಪರದೆ ಕಪ್ಪಗಾಗಿ ಸಿಗ್ನಲ್ ಇಲ್ಲ ಎಂದಿತು. ತುದಿಗಳನ್ನು ಒತ್ತಿ ಸ್ಕ್ರೂ ಬಿಗಿದರೆ ಚಿತ್ರ ಬಂತು, ಆದರೆ ಡಾಕ್ಟರಮ್ಮನ ಬಿಳಿ ಕೋಟಿನಂತಿರಬೇಕಾದ ಅಕ್ಷರಗಳೆಲ್ಲ ಹಳದಿ. ತುದಿ ಬಿಚ್ಚಿ ನೋಡಿದರೆ ಒಂದು ಪಿನ್ನು ಬಾಗಿತ್ತು. ಚಿಮಟದಿಂದ ನೆಟ್ಟಗೆ ಮಾಡಿ ಮತ್ತೆ ಕೂರಿಸಿ ಟೇಪು ಸುತ್ತಿದರು. ಬಣ್ಣ ಸರಿಹೋಯಿತು. ಅಷ್ಟರಲ್ಲಿ ಒಳಗಿನಿಂದ ಡಾಕ್ಟರ್ ಸಾಬಿರಾ ಕೂಗು: ಹುಡುಗಿ ಹೊಟ್ಟೆ ತುಂಬ ನೀರು ಕುಡಿದು ಮಲಗಿದ್ದಾಳೆ, ಎಷ್ಟು ಹೊತ್ತು ತಡೆದುಕೊಂಡಾಳು, ನಿಮ್ಮ ಸಿನಿಮಾ ಶುರುವಾಗುವುದು ಯಾವಾಗ ಎಂದು. ಪರದೆಯ ಮೂಲೆಯ ಅಕ್ಷರಗಳ ಬಲಕ್ಕೆ ಒಂದು ಮಸುಕು ನೆರಳು ಉಳಿದಿತ್ತು. ಬಾಯ್ಕೆ ಅದನ್ನು ನೋಡಿದರು. ಇರಲಿ, ಆಮೇಲೆ ನೋಡೋಣ ಎಂದು ಗೊಣಗಿದ್ದು ನನ್ನ ಕಿಟಕಿಗೂ ಕೇಳಿಸಿತು.

ಪರದೆಯಲ್ಲಿ ಕಪ್ಪು ಚೀಲ, ಅದರೊಳಗೆ ಕಾಳಿನಷ್ಟು ಬಿಳುಪು, ಆ ಬಿಳುಪಿನಲ್ಲಿ ಏನೋ ಮಿಣುಕು ಮಿಣುಕು. ಅದರ ಮಗ್ಗುಲಲ್ಲೇ, ಸ್ವಲ್ಪ ಮಂಕಾಗಿ, ಇನ್ನೊಂದು ಕಾಳು. ಅದರಲ್ಲೂ ಮಿಣುಕು. ಬಾಯ್ಕೆ ಪರದೆಯ ಹತ್ತಿರ ಬಗ್ಗಿದರು. ಅವರ ಮುಖದಲ್ಲಿ ಹುಲ್ಲುಗಾವಲಿನ ಆ ಹಳೆಯ ದಿನಗಳು ಕಂಡವು. ಟೋಪಿ ಸರಿಮಾಡಿಕೊಂಡು ಅಪಾ ಎದುರು ಬಂದು ನಿಂತರು.

“ಸುಯುಂಚು, ಅಪಾ. ಒಂದಲ್ಲ, ಎರಡು.”

ಡಾಕ್ಟರನ್ನು ಕೇಳಬಹುದಿತ್ತು. ಎರಡು ಹೆಜ್ಜೆ ದೂರದಲ್ಲಿ ಬಾಗಿಲಿತ್ತು. ಆದರೆ ಡಾಕ್ಟರನ್ನು ಕೇಳಿದ ಮೇಲೆ ಸುಯುಂಚು ಡಾಕ್ಟರದಾಗುತ್ತದೆ, ಬಾಯ್ಕೆಯದಲ್ಲ. ಅಪಾ ಬಾಯ್ಕೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟು ಅತ್ತರು. ಡಾಕ್ಟರ್ ಸಾಬಿರಾ ಬಾಗಿಲಿನಿಂದ ತಲೆ ಹಾಕಿ ಎಲ್ಲ ಚೆನ್ನಾಗಿದೆ, ಭಾರ ಎತ್ತಿಸಬೇಡಿ ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು. ಅಕ್‌ಮರಾಲ್ ಹೊರಬಂದಾಗ ಅತ್ತೆ ತಮ್ಮ ಹೆಗಲ ಶಾಲನ್ನೇ ತೆಗೆದು ಅವಳಿಗೆ ಹೊದಿಸಿ, ನನ್ನ ಅವಳಿಗಳ ತಾಯಿ ಎಂದರು. ಹುಡುಗಿ ಒಮ್ಮೆ ಅವರ ಮುಖ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಮುಚ್ಚಿ ನೆಲ ನೋಡಿದಳು. ನಾಚಿಕೆ ಎಂದುಕೊಂಡೆ.

ಸಂಜೆ ಅಪಾ ತಾವೇ ಬಾಯ್ಕೆಯ ಮನೆಗೆ ಹೋಗಿ ಒಂದು ಬಿಳಿ ಕಲ್ಪಾಕ್ ಟೋಪಿ ಕೊಟ್ಟರು. ತೀರಿಕೊಂಡ ಗಂಡನಿಗೆಂದು ಹೊಲಿಸಿದ್ದು, ಅವರು ತೊಡುವ ಮೊದಲೇ ಹೋಗಿಬಿಟ್ಟಿದ್ದರು. ಅಂಥದ್ದನ್ನು ಪಡೆದವನು ಬೇರೆಯವರಿಗೆ ದಾಟಿಸುವಂತಿಲ್ಲ, ಹಿಂದಿರುಗಿಸುವಂತೆಯೂ ಇಲ್ಲ. ಹಿಂದಿರುಗಿಸಿದರೆ ಕೊಟ್ಟವರ ಸತ್ತ ಗಂಡನನ್ನೇ ಬೇಡವೆಂದಂತೆ.

ಎಳೆಯ ತಿಂಗಳ ಸುದ್ದಿಯನ್ನು ಕಣ್ಣು ಬೀಳದಂತೆ ಬಚ್ಚಿಡುವವರು ನಾವು. ಅಪಾಗೆ ಅದು ಆಗಲಿಲ್ಲ. ತುಂಬು ಬದುಕು ಬಾಳಿದ ಹಿರಿಯರಿರುವ ಮನೆಗಳಿಂದ ಬಟ್ಟೆ ಚೂರು ಬೇಡಿ ತಂದು ಮಗುವಿಗೆ ಕೌದಿ ಹೊಲಿಯುತ್ತೇವಲ್ಲ, ಅಪಾ ಪ್ರತಿ ಮನೆಯಲ್ಲೂ ಎರಡೆರಡು ಚೂರು ಕೇಳಿದರು. ಎರಡು ಯಾಕೆ ಎಂದು ಕೇಳಿದವರಿಗೆಲ್ಲ ಹೇಳಿದರು. ಊಟೆಗೆ ಬಕೆಟ್ ಹಿಡಿದು ಈಗ ಅತ್ತೆಯೇ ಹೋಗುತ್ತಿದ್ದರು. ಮಾಂಸದ ತಟ್ಟೆಯಲ್ಲಿ ಒಳ್ಳೆಯ ತುಂಡು ಸೊಸೆಯ ಮುಂದೆ ಬೀಳುತ್ತಿತ್ತು. ಅಕ್‌ಮರಾಲ್ ಎಂದು ಬೀದಿಯ ಆ ತುದಿಗೆ ಕೇಳುವಂತೆ ಕರೆಯುತ್ತಿದ್ದರು. ಬಾಯ್ಕೆ ಹೊಸ ಕಲ್ಪಾಕ್ ಏರಿಸಿ ಆ ಬೀದಿಯಲ್ಲೇ ಬೇಕೆಂದು ಸುತ್ತುತ್ತಿದ್ದರು.

ಮುಂದಿನ ವಾರ ಒಬ್ಬ ಲಾರಿ ಡ್ರೈವರ್ ಬಂದ, ಮೂತ್ರಪಿಂಡದ ಕಲ್ಲಿಗೆ. ಕಾಯುವ ಕೋಣೆಯಲ್ಲಿ ಅವನ ಹೆಂಡತಿ ಪರದೆ ನೋಡಿ, ಅಯ್ಯೋ ಎರಡು ಕಲ್ಲು ಎಂದು ಬಾಯಿ ಬಡಿದುಕೊಂಡಳು. ಒಳಗೆ ಡಾಕ್ಟರು ಒಂದೇ ಕಲ್ಲು ಎಂದರು. ಬಾಯ್ಕೆ ಪರದೆ ನೋಡಿದರು. ಮೂಲೆಯಲ್ಲಿ ಗಂಟೆ ತೋರಿಸುವ ಅಂಕಿಗಳಿಗೂ ಒಂದೊಂದು ಜೋಡಿ, ಡ್ರೈವರನ ಹೆಸರಿಗೂ ಜೋಡಿ.

ಡಾಕ್ಟರು ಹೊರಟ ಮೇಲೆ ಅವರು ಬಾಗಿಲು ಹಾಕಿಕೊಂಡು ಒಂದೊಂದಾಗಿ ತಪಾಸಣೆ ಮಾಡಿದರು. ಮಾನಿಟರ್ ಬದಲಿಸಿ ನೋಡಿದರು, ನೆರಳು ಹೋಗಲಿಲ್ಲ. ಯಂತ್ರದಲ್ಲಿ ಚಿತ್ರದ ಅಳತೆ ಕಡಿಮೆ ಮಾಡಿದರು, ನೆರಳು ಜಾಗ ಬದಲಿಸಿತೇ ವಿನಾ ಹೋಗಲಿಲ್ಲ. ಎಕ್ಸ್‌ರೇ ಕೋಣೆಯ ಕರೆಂಟ್ ತೆಗೆದರು, ಆಗಲೂ ಇತ್ತು. ಕಡೆಗೆ ಮಾನಿಟರನ್ನು ಹೊತ್ತು ಡಾಕ್ಟರ ಕೋಣೆಗೇ ತಂದು, ಎಕ್ಸ್‌ಟೆನ್ಷನ್ ಎರಡನ್ನೂ ಬಿಟ್ಟು ನೇರ ಸಿಕ್ಕಿಸಿದರು. ಅಕ್ಷರ ಒಂದೇ ಆಯಿತು. ಮೊದಲಿನ ದಪ್ಪ ಎಕ್ಸ್‌ಟೆನ್ಷನ್ ಒಂದನ್ನೇ ಸೇರಿಸಿದರೆ ಆಗಲೂ ಒಂದೇ. ತೆಳ್ಳನೆಯದನ್ನು ಜೋಡಿಸಿದ ಕೂಡಲೇ ಎರಡು. ಅಷ್ಟು ದೂರ ಓಡಿದ ಚಿತ್ರ ಆ ಕಳಪೆ ಗಂಟಿನಲ್ಲಿ ಅರ್ಧ ತಿರುಗಿ ಹೋಗಿ, ತಡವಾಗಿ ಮತ್ತೆ ಬಂದು ತನ್ನ ಪಕ್ಕದಲ್ಲೇ ಬೀಳುತ್ತಿತ್ತು.

ಅವರು ನನ್ನ ಕಿಟಕಿಗೆ ಬಂದಾಗ ಮುಖ ಸುಣ್ಣವಾಗಿತ್ತು. ಎಲ್ಲ ಹೇಳಿದರು. ನಾನು ಸುಮ್ಮನಿರುವವಳಲ್ಲ.

“ಇವತ್ತೇ ಹೋಗಿ ಹೇಳಿ ಬಾಯ್ಕೆ. ಇವತ್ತು ಹೇಳಿದ್ರೆ ಬೈತಾರೆ ಅಷ್ಟೆ. ತಡ ಮಾಡಿದ್ರೆ ಏನಾಗುತ್ತೋ ನಂಗೊತ್ತಿಲ್ಲ.”

“ಯಾವ ಮುಖ ಇಟ್ಕೊಂಡು ಹೋಗ್ಲಿ ಕುಂದುಜ್? ಆ ಮನೇಲಿ ಒಂದು ಮಗೂನ ನಾನು ಹುಟ್ಟಿಸ್ಬಿಟ್ಟಿದೀನಿ. ಈಗ ಹೋಗಿ ನಾನೇ ಸಾಯಿಸ್ಲಾ?”

ನೀನೇ ಹೇಳಬಹುದಿತ್ತಲ್ಲ ಎಂದು ನನ್ನನ್ನು ಕೇಳಬೇಡಿ. ತಂದ ಸುದ್ದಿಯನ್ನು ತಂದವರೇ ವಾಪಸು ಒಯ್ಯಬೇಕು. ಬೇರೆಯವರು ಒಯ್ದರೆ ಅದು ಚಾಡಿಯಾಗುತ್ತದೆ. ಬಾಯ್ಕೆ ಒಯ್ಯಲಿಲ್ಲ. ಆಲೂಗಡ್ಡೆ ಅಗೆದ ಮೇಲೆ ಎಂದರು, ಮೊದಲ ಹಿಮ ಬಿದ್ದ ಮೇಲೆ ಎಂದರು. ಅಷ್ಟರಲ್ಲಿ ಮಾಡಿದ ಕೆಲಸವೆಂದರೆ ಪಟ್ಟಣದಿಂದ ಒಂದೇ ಉದ್ದನೆಯ ಒಳ್ಳೆಯ ಕೇಬಲ್ ತರಿಸಿ, ಅದೇ ದಾರಿಯಲ್ಲಿ ಗೋಡೆಯ ಮೇಲೆಯೇ ಎಳೆದು, ಹಳೆಯ ಎರಡನ್ನೂ ಉಗ್ರಾಣದಲ್ಲಿ ಹಳೇ ಹಾಸಿಗೆಗಳ ಕೆಳಗೆ ತುರುಕಿದ್ದು. ಕಳ್ಳನೂ ಇಷ್ಟು ಅಚ್ಚುಕಟ್ಟಾಗಿ ಗುರುತು ಅಳಿಸುವುದಿಲ್ಲ ಎಂದು ಚುಚ್ಚಿದೆ. ಅಪಾ ಬೀದಿಯಲ್ಲಿ ಕಂಡರೆ ಬಾಯ್ಕೆ ರೊಟ್ಟಿ ಅಂಗಡಿಯೊಳಗೆ ನುಗ್ಗುತ್ತಿದ್ದರು. ಕಲ್ಪಾಕ್ ತೊಡುವುದನ್ನು ಬಿಟ್ಟರು, ಬರಿದಲೆಯಲ್ಲಿ ಓಡಾಡಿ ನೆಗಡಿ ತಂದುಕೊಂಡರು. ಊರಿನವರು ಅವಳಿಗಳ ಮಾವ ಎಂದು ತಮಾಷೆ ಮಾಡಿದಾಗೆಲ್ಲ ಅವರ ಕಿವಿ ಕೆಂಪಗಾಗುತ್ತಿತ್ತು. ಎರಡನೇ ಸ್ಕ್ಯಾನಿಂಗ್ ಆದಾಗ ಡಾಕ್ಟರೇ ಒಂದು ಎನ್ನುತ್ತಾರೆ, ಯಂತ್ರ ತಪ್ಪು ತೋರಿಸಿತ್ತು ಎಂದುಕೊಂಡು ಎಲ್ಲರೂ ಸುಮ್ಮನಾಗುತ್ತಾರೆ, ಇದು ಅವರ ಲೆಕ್ಕ. ತನ್ನ ನಾಚಿಕೆಯನ್ನು ಯಂತ್ರದ ತಲೆಗೆ ಕಟ್ಟುವ ಲೆಕ್ಕ. ಅದರಲ್ಲಿ ಅಕ್‌ಮರಾಲ್ ಇರಲೇ ಇಲ್ಲ.

ಆ ದಿನ ಬಂತು. ಹೊರಗೆ ಹಿಮ ಮೊಣಕಾಲುದ್ದ. ಅಪಾ ಕಾಯುವ ಕೋಣೆಯಲ್ಲಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದರು. ಈಗ ಮಗು ಮಗುವಿನಂತೆಯೇ ಇತ್ತು. ತಲೆ, ಹೊಟ್ಟೆ, ಆಡಿಸುವ ಕೈ. ಚಿತ್ರ ಚೊಕ್ಕವಾಗಿತ್ತು. ಮಗು ಒಂದೇ ಇತ್ತು. ಅಪಾ ಕಾದರು, ಡಾಕ್ಟರು ಹೊಟ್ಟೆಯ ಮೇಲೆ ಯಂತ್ರದ ಹಿಡಿ ಸರಿಸಿದಾಗೆಲ್ಲ ಇನ್ನೊಂದು ಈಗ ಬಂದೀತು ಎಂದು ಪರದೆಯ ಅಂಚನ್ನು ನೋಡಿದರು. ಬರಲಿಲ್ಲ. ಒಳಗಿನಿಂದ ಡಾಕ್ಟರು, ಮಗು ಚೆನ್ನಾಗಿದೆ, ಒಂದೇ ಮಗು ಎಂದದ್ದು ತೆರೆದ ಬಾಗಿಲಿನಿಂದ ಎಲ್ಲರಿಗೂ ಕೇಳಿಸಿತು.

ಅಕ್‌ಮರಾಲ್ ಚೀಲ ಹಿಡಿದು ಹೊರಬಂದಳು. ಅಪಾ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

“ಏನು ಎತ್ತಿದೆ? ಏನ್ ಮಾಡ್ಕೊಂಡೆ ಹೇಳು. ನಾನು ಮಲಗಿದ್ದಾಗ ಕುದುರೆ ಹತ್ತಿದ್ಯಾ? ಇನ್ನೊಂದನ್ನ ಎಲ್ಲಿ ಕಳೆದೆ?”

ಹುಡುಗಿ ಗೋಡೆಗೆ ಒರಗಿದಳು. ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಕಾಯುತ್ತ ಕೂತಿದ್ದ ಹೆಂಗಸರೆಲ್ಲ ಅವಳ ಹೊಟ್ಟೆಯನ್ನು ನೋಡಿದರು, ನಂತರ ಅವಳ ಮುಖವನ್ನು, ಒಂದು ಮಗುವನ್ನು ಕಳೆದುಕೊಂಡವಳನ್ನು ನೋಡುವಂತೆ. ಒಬ್ಬಳು ನಾಲಿಗೆ ಲೊಚಗುಟ್ಟಿದಳು. ಬಾಯ್ಕೆ ಕಾರಿಡಾರಿನ ಕೊನೆಯಲ್ಲಿ ಏಣಿಯ ಮೇಲೆ ಬಲ್ಬು ಹಿಡಿದು ನಿಂತಿದ್ದರು. ನಾನು ಕಿಟಕಿಯಿಂದ ಅವರನ್ನೇ ನೋಡಿದೆ. ಈಗಲೂ ಇಳಿಯದಿದ್ದರೆ ಈ ಜನ್ಮದಲ್ಲಿ ಇವರನ್ನು ಅಣ್ಣ ಎನ್ನುವುದಿಲ್ಲ ಎಂದುಕೊಂಡೆ.

ಅವರು ಇಳಿದರು. ನೇರ ಉಗ್ರಾಣಕ್ಕೆ ಹೋಗಿ ಹಳೆಯ ಎರಡು ಕೇಬಲ್ ಹೊತ್ತು ತಂದರು. ಡಾಕ್ಟರ್ ಸಾಬಿರಾಗೆ ಆ ಚಿತ್ರವನ್ನು ಹಾಗೇ ನಿಲ್ಲಿಸಿಡಿ ಎಂದು ಬೇಡಿಕೊಂಡರು. ಹೊಸದನ್ನು ಕಳಚಿ, ಹಳೆಯದನ್ನು ಕಾರಿಡಾರಿನ ನೆಲದ ಮೇಲೇ ಎಳೆದು ಜೋಡಿಸಿದರು. ಪಿನ್ನು ಕೂರಲು ಬಹಳ ಹೊತ್ತು ಹಿಡಿಯಿತು. ಪರದೆ ಹೊತ್ತಿಕೊಂಡಾಗ ಮಗುವಿನ ಪಕ್ಕದಲ್ಲಿ ಇನ್ನೊಂದು ಮೂಗು, ಇನ್ನೊಂದು ಹಣೆ, ಇನ್ನೊಂದು ಪುಟ್ಟ ಕೈ. ಮೂಲೆಯಲ್ಲಿ ಅಕ್‌ಮರಾಲ್ ಎಂಬ ಹೆಸರೂ ಎರಡು.

“ನೋಡಿ ಅಪಾ. ಹೆಸರಿಗೂ ಅವಳಿ, ಗಡಿಯಾರಕ್ಕೂ ಅವಳಿ. ಯಾವ ಮಗೂನೂ ಕಳೆದಿಲ್ಲ. ಇದ್ದಿದ್ದೇ ಒಂದು. ಇನ್ನೊಂದು ಈ ವೈರಿಂದು.” ತೆಳ್ಳನೆಯ ಕೇಬಲನ್ನು ಬೆರಳಿನಿಂದ ತೋರಿಸಿದರು. “ಅವತ್ತಿನ ಮುಂದಿನ ವಾರವೇ ನಂಗೆ ಗೊತ್ತಾಯ್ತು. ಹೇಳಕ್ಕೆ ನಾಚಿಕೆ ಆಯ್ತು. ಬಚ್ಚಿಟ್ಟೆ.”

ಹಾಗೆಂದು ತೆಳ್ಳನೆಯ ಕೇಬಲ್ ಕಳಚಿ, ಪರದೆಯನ್ನು ಹತ್ತಿರಕ್ಕೆ ತಂದು ದಪ್ಪನೆಯದಕ್ಕೇ ಸಿಕ್ಕಿಸಿದರು. ಎರಡನೆಯ ಮೂಗು, ಎರಡನೆಯ ಕೈ ಹೋದವು. ನೆಲದ ಹಗ್ಗ ಬೇಡ ಎಂದದ್ದು ನೀವೇ ಅಲ್ಲವೇ, ಅದಕ್ಕೇ ಸುತ್ತು ಹಾಕಿ ಗಂಟು ಜೋಡಿಸಬೇಕಾಯಿತು ಎಂದು ಅವರು ಹೇಳಬಹುದಿತ್ತು. ಆ ಮಾತು ಅವರ ಬಾಯಿಂದ ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ. ಬರಿದಲೆ ತಗ್ಗಿಸಿ, ಮಗ್ಗಿ ತಪ್ಪಿದ ಹುಡುಗನ ಹಾಗೆ ನಿಂತಿದ್ದರು. ಅಷ್ಟು ವಯಸ್ಸಾದ ಗಂಡಸು ಹಾಗೆ ನಿಂತದ್ದನ್ನು ನೋಡಲು ನನ್ನಿಂದಾಗಲಿಲ್ಲ.

ಅಪಾ ಬಾಯ್ಕೆಯ ಕಡೆ ತಿರುಗಲೂ ಇಲ್ಲ. ಸೊಸೆಯನ್ನೇ ನೋಡುತ್ತಿದ್ದರು. ಮತ್ತೆ ನೀನು ಯಾಕೆ ಬಾಯಿ ಮುಚ್ಚಿಕೊಂಡು ನಿಂತಿದ್ದೆ, ಇಲ್ಲ ಎನ್ನಬಾರದಿತ್ತೇ ಎಂದು ಮೆಲ್ಲಗೆ ಕೇಳಿದರು. ಅಕ್‌ಮರಾಲ್‌ಳ ಕೊರಳಿನವರೆಗೂ ಕೆಂಪೇರಿತು.

“ಒಂದೇ ಅಂತ ನಂಗೆ ಅವತ್ತೇ ಗೊತ್ತಿತ್ತು ಅಪಾ. ಡಾಕ್ಟರಮ್ಮ ಒಳಗೇ ಹೇಳಿದ್ರು. ಎರಡು ಅಂದ ಮೇಲೆ ನೀವು ನನ್ನ ಕೈಯಿಂದ ಬಕೆಟ್ ಇಸ್ಕೊಂಡ್ರಿ. ಒಂದೇ ಅಂದಿದ್ರೆ ಇಸ್ಕೋತಿದ್ರೋ ಇಲ್ವೋ ಅಂತ ನಂಗೊತ್ತಾಗ್ಲಿಲ್ಲ.”

ನಾಲಿಗೆ ಲೊಚಗುಟ್ಟಿದ ಹೆಂಗಸು ಎದ್ದು ಹೊರಗೆ ಹೋದಳು. ಉಳಿದವರು ತಮ್ಮ ತಮ್ಮ ಕೈ ನೋಡಿಕೊಂಡರು. ಬುರುಲ್ಚಾ ಅಪಾ ಎದ್ದು, ಚೀಲ ಕೊಡು ಎಂದು ಸೊಸೆಯ ಕಡೆ ಕೈ ಚಾಚಿದರು. ಅಕ್‌ಮರಾಲ್ ಕೊಡಲಿಲ್ಲ. ಭಾರವಿಲ್ಲ ಅಪಾ ಎಂದು ಬಹಳ ಮರ್ಯಾದೆಯಿಂದ ಹೇಳಿ, ನೆಲದ ಮೇಲಿದ್ದ ಕೇಬಲನ್ನು ಎಲ್ಲರೂ ನೋಡುತ್ತಿರುವಂತೆಯೇ ದಾಟಿ ಬಾಗಿಲಿನ ಕಡೆ ನಡೆದಳು. ಅಪಾ ತಡೆಯಲಿಲ್ಲ. ನಮ್ಮಲ್ಲಿ ಸೊಸೆ ಅತ್ತೆಗಿಂತ ಮುಂದೆ ನಡೆಯುವುದಿಲ್ಲ. ಅವತ್ತು ಅತ್ತೆ ಹಿಂದೆ ಹಿಂದೆ ಹೋದರು. ಬಾಯ್ಕೆಗೆ ಅವರಿಬ್ಬರನ್ನೂ ನೋಡುವ ಧೈರ್ಯವಾಗಲಿಲ್ಲ. ಗೋಡೆಯ ಕಡೆ ತಿರುಗಿ ನಿಂತು ಕೇಬಲ್ ಸುತ್ತುತ್ತಲೇ ಇದ್ದರು.